ಒಂದು ಮಿಲಿವೋಲ್ಟಿನ ಪ್ರಯಾಣ: ಪ್ರೀಆಂಪ್ ಮನೆಗೆ ಬಂದ ಬಗೆ

ಡೈನಮಿಕ್ ಮೈಕಿಗೆ ಬಾಯಿ ತಾಗಿಸಿ ಹಾಡಿದರೆ ಅದರ ತಂತಿಯಲ್ಲಿ ಹುಟ್ಟುವುದು ಒಂದೆರಡು ಮಿಲಿವೋಲ್ಟ್. ಗೇಣು ದೂರದಿಂದ ಮಾತಾಡಿದರೆ ಅದರಲ್ಲಿ ಹತ್ತನೇ ಒಂದು ಪಾಲು. ರೆಕಾರ್ಡಿಂಗ್ ಯಂತ್ರ ಟೇಪಿನದಾಗಲಿ ಕಂಪ್ಯೂಟರಿನದಾಗಲಿ, ಬೇಡುವುದು ಸುಮಾರು ಒಂದು ವೋಲ್ಟ್. ನಡುವಿನ ಈ ಸಾವಿರಪಟ್ಟನ್ನು, ಎಂದರೆ 60 ಡೆಸಿಬಲ್ಲನ್ನು, ತುಂಬಿಕೊಡುವುದೇ ಪ್ರೀಆಂಪ್‌ನ ಕೆಲಸ. ದನಿಯನ್ನು ಹಿಗ್ಗಿಸುವ ಭರದಲ್ಲಿ ಅದು ತನ್ನದೇ ಸುಯ್ ಸದ್ದನ್ನು ಸೇರಿಸಬಾರದು, ಅಷ್ಟೇ. ಐವತ್ತು ವರ್ಷಗಳ ಹಿಂದೆ ಈ ಕೆಲಸಕ್ಕೆ ಒಂದು ಕಟ್ಟಡವೇ ಬೇಕಿತ್ತು. ಈಗ ಅಂಗೈ ಮೇಲೆ ಕೂರುವ ಡಬ್ಬಿ ಸಾಕು. ಮನೆಯಲ್ಲಿ ಸ್ಟುಡಿಯೊ ಮಾಡಲು ಹೊರಟವರು ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಆಡಿಯೊ ಇಂಟರ್‌ಫೇಸ್ ಕೊಳ್ಳುವ ಮುನ್ನ ಈ ಡಬ್ಬಿಯೊಳಗೆ ಏನೇನು ಯಾವಾಗ ಸೇರಿತು ಎಂದು ತಿಳಿದುಕೊಂಡರೆ ಜಾಹೀರಾತಿನ ಅರ್ಧ ಮಾತು ತಾನಾಗಿ ಉದುರಿಹೋಗುತ್ತದೆ.

ಪ್ರೀಆಂಪ್ ಎಂಬುದನ್ನು ಯಾರೂ ಬಿಡಿಯಾಗಿ ಕೊಳ್ಳದಿದ್ದ ಕಾಲವೊಂದಿತ್ತು. ಅದು ಸ್ಟುಡಿಯೊದ ದೊಡ್ಡ ಕನ್ಸೋಲಿನ ಒಂದು ಪಟ್ಟಿ ಮಾತ್ರ. ಅಮೆರಿಕದಲ್ಲಿ ಬಿಲ್ ಪುಟ್ನಮ್ ಅವರ ವಾಲ್ವ್ ತಂತ್ರದ 610, ಇಂಗ್ಲೆಂಡಿನಲ್ಲಿ ರೂಪರ್ಟ್ ನೀವ್ 1970ರಲ್ಲಿ ವೆಸೆಕ್ಸ್ ಸ್ಟುಡಿಯೊಗೆ ಮಾಡಿಕೊಟ್ಟ ಕನ್ಸೋಲಿನ 1073, ಇವೆಲ್ಲ ಹಾಗೆ ಹುಟ್ಟಿದವು. 1073ರ ಎರಡೂ ತುದಿಗೆ ಟ್ರಾನ್ಸ್‌ಫಾರ್ಮರ್, ನಡುವೆ ಬಿಡಿ ಟ್ರಾನ್ಸಿಸ್ಟರುಗಳು. ಗೇನ್, ಎಂದರೆ ಹಿಗ್ಗಿಸುವ ಪ್ರಮಾಣ, 80 ಡೆಸಿಬಲ್‌ವರೆಗೆ. ಗಟ್ಟಿಯಾಗಿ ತಳ್ಳಿದಾಗ ಟ್ರಾನ್ಸ್‌ಫಾರ್ಮರಿನ ಕಬ್ಬಿಣ ದನಿಗೆ ಸ್ವಲ್ಪ ಮೈ ತುಂಬಿಸುತ್ತದೆ. ಇಂದು ಜನ ಬೆಲೆ ಕೊಡುವ ‘ಬಣ್ಣ’ ಅದೇ. ಮುಂದೆ ಹಳೆಯ ಕನ್ಸೋಲುಗಳನ್ನು ಕಳಚಿ, ಮಾಡ್ಯೂಲುಗಳನ್ನು ಒಂದೊಂದಾಗಿ ಪೆಟ್ಟಿಗೆಗೆ ಕೂರಿಸಿ ಮಾರತೊಡಗಿದಾಗಲೇ ಪ್ರೀಆಂಪ್ ಬಿಡಿ ಸರಕಾಯಿತು, ಅದರ ಸುತ್ತ ಪುರಾಣವೂ ಬೆಳೆಯಿತು.

ಯಂತ್ರ ಎಲ್ಲಿತ್ತೋ ಸಂಗೀತ ಅಲ್ಲಿಗೆ ಹೋಗಬೇಕಿತ್ತು. ಕನ್ನಡ ಚಿತ್ರಗೀತೆಗಳ ಧ್ವನಿಮುದ್ರಣಕ್ಕೆ ದಶಕಗಳ ಕಾಲ ಮದರಾಸಿನ ರೈಲು ಹತ್ತುತ್ತಿದ್ದರು. 1980ರ ದಶಕದಲ್ಲಿ ಶಂಕರನಾಗ್ ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೊ ಕಟ್ಟಿದ್ದು ದೊಡ್ಡ ಸುದ್ದಿಯಾದದ್ದು ಅದಕ್ಕೇ.

ಇಂದಿನ ಬಹುತೇಕ ಇಂಟರ್‌ಫೇಸುಗಳ ಮೇಲೆ 48 ವೋಲ್ಟಿನ ಒಂದು ಗುಂಡಿ ಇರುತ್ತದಲ್ಲ, ಅದರ ಕತೆ ನನಗೆ ಇಷ್ಟ. 1966ರಲ್ಲಿ ನಾಯ್ಮನ್ ಕಂಪನಿ ನಾರ್ವೆಯ ಆಕಾಶವಾಣಿಗೆ ಟ್ರಾನ್ಸಿಸ್ಟರ್ ಕಂಡೆನ್ಸರ್ ಮೈಕ್ ಒದಗಿಸಬೇಕಿತ್ತು. ಅಲ್ಲಿನ ಸ್ಟುಡಿಯೊಗಳಲ್ಲಿ ದೀಪಗಳಿಗಾಗಿ 48 ವೋಲ್ಟಿನ ಸರಬರಾಜು ಆಗಲೇ ಇತ್ತು. ಅದನ್ನೇ ಮೈಕಿನ ತಂತಿಯಲ್ಲಿ ಹಾಯಿಸಿದರು. ಕತ್ತಲ ದೇಶವೊಂದರ ಈ ಅನುಕೂಲ ಮುಂದೆ ಜಗತ್ತಿನ ರೂಢಿಯಾಯಿತು. ಫ್ಯಾಂಟಮ್ ಪವರ್ ಎಂದರೆ ಇದೇ.

ಮನೆಯ ಬಾಗಿಲು ಮೊದಲು ತೆರೆದದ್ದು 1979ರಲ್ಲಿ. ಸಾಧಾರಣ ಕ್ಯಾಸೆಟ್ಟಿನ ಮೇಲೆ ನಾಲ್ಕು ಟ್ರ್ಯಾಕ್ ಬರೆಯುವ, ಪುಟ್ಟ ಮಿಕ್ಸರನ್ನು ಒಳಗೇ ಇಟ್ಟುಕೊಂಡ ಪೋರ್ಟಾಸ್ಟುಡಿಯೊ 144 ಯಂತ್ರವನ್ನು ಜಪಾನಿನ ಟೀಯಾಕ್ ಹೊರತಂದಿತು. 1982ರ ಜನವರಿಯಲ್ಲಿ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ನ್ಯೂಜೆರ್ಸಿಯ ಬಾಡಿಗೆ ಮನೆಯಲ್ಲಿ ಅದರ ಮುಂದೆ ಕೂತು, ಶೂರ್ ಎಸ್‌ಎಂ57 ಮೈಕುಗಳಲ್ಲಿ ಹಾಡುಗಳ ಕರಡನ್ನು ದಾಖಲಿಸಿದ. ಬಳಿಕ ಪೂರ್ತಿ ತಂಡವನ್ನು ಸ್ಟುಡಿಯೊಗೆ ಕರೆದೊಯ್ದು ಮತ್ತೆ ನುಡಿಸಿದರೂ ಕರಡಿನ ಜೀವ ಅಲ್ಲಿ ಹುಟ್ಟಲಿಲ್ಲ. ಕೊನೆಗೆ ಆ ಕ್ಯಾಸೆಟ್ಟೇ ‘ನೆಬ್ರಾಸ್ಕಾ’ ಆಲ್ಬಮ್ ಆಗಿ ಬಿಡುಗಡೆಯಾಯಿತು. ಸದ್ದಿನ ಗುಣಮಟ್ಟದಲ್ಲಿ ಅದು ಆ ಕಾಲದ ಸ್ಟುಡಿಯೊಗಳ ಹತ್ತಿರಕ್ಕೂ ಬರುವುದಿಲ್ಲ. ಕೇಳುಗರಿಗೆ ಅದು ಅಡ್ಡಿಯಾದದ್ದೂ ಇಲ್ಲ.

ಅಲೆಸಿಸ್ ಕಂಪನಿ 1991ರಲ್ಲಿ ಘೋಷಿಸಿದ ಅಡಾಟ್ ಇನ್ನೊಂದು ಮೆಟ್ಟಿಲು: ಎಸ್‌ವಿಎಚ್‌ಎಸ್ ವಿಡಿಯೊ ಕ್ಯಾಸೆಟ್ಟಿನಲ್ಲಿ ಎಂಟು ಡಿಜಿಟಲ್ ಟ್ರ್ಯಾಕ್. 1995ರಲ್ಲಿ ಬಂದ, ಗಾಯಕಿ ಅಲಾನಿಸ್ ಮೋರಿಸೆಟ್‌ಳ ‘ಜ್ಯಾಗ್ಡ್ ಲಿಟ್ಲ್ ಪಿಲ್’ ಆಲ್ಬಮ್ಮಿನ ಬಹುಪಾಲು ಹುಟ್ಟಿದ್ದು ನಿರ್ಮಾಪಕ ಗ್ಲೆನ್ ಬ್ಯಾಲರ್ಡ್‌ನ ಮನೆ ಸ್ಟುಡಿಯೊದಲ್ಲಿ, ಅಡಾಟ್ ಮೇಲೆ. ಆ ಟೇಪು ಎಂದೋ ಸತ್ತಿತು. ಅದರ ಬೆನ್ನಿಗಿದ್ದ ಆಪ್ಟಿಕಲ್ ಕಿಂಡಿ ಮಾತ್ರ ಇನ್ನೂ ಬದುಕಿದೆ. ಅದರ ವಿಷಯಕ್ಕೆ ಮುಂದೆ ಬರುತ್ತೇನೆ.

ಕಂಪ್ಯೂಟರಿನ ಕಡೆಯಿಂದ ನೋಡಿದರೆ ಆರಂಭ ನಿರಾಶಾದಾಯಕ. 1989ರ ಸೌಂಡ್ ಬ್ಲಾಸ್ಟರ್ ಕಾರ್ಡು ಆಟಗಳಿಗಾಗಿ ಬಂದದ್ದು. 1991ರ ಪ್ರೋ ಟೂಲ್ಸ್ ರೆಕಾರ್ಡಿಂಗ್ ವ್ಯವಸ್ಥೆ ನಾಲ್ಕೇ ಟ್ರ್ಯಾಕಿನದು, ಜೊತೆಗೆ ದುಬಾರಿ. ಮದರ್‌ಬೋರ್ಡಿನ ಮೈಕ್ ಕಿಂಡಿ ಹೆಡ್‌ಸೆಟ್ಟಿಗೆ ಲಾಯಕ್ಕು, ಹಾಡಿಗಲ್ಲ. ಪೆಟ್ಟಿಗೆಯೊಳಗಿನ ವಿದ್ಯುತ್ ಗದ್ದಲವೆಲ್ಲ ಅದಕ್ಕೆ ಅಂಟಿಕೊಳ್ಳುತ್ತಿತ್ತು. ವಿಂಡೋಸ್ ತನ್ನ ಮಿಕ್ಸರಿನ ಮೂಲಕ ಹಾಯಿಸುತ್ತಿದ್ದ ದನಿ ಹಾಡುಗಾರನ ಕಿವಿಗೆ ಮರಳುವಷ್ಟರಲ್ಲಿ ತಾಳ ತಪ್ಪಿರುತ್ತಿತ್ತು. 1997ರಲ್ಲಿ ಸ್ಟೈನ್‌ಬರ್ಗ್ ತಂದ ಆಸಿಯೊ ಡ್ರೈವರ್ ಪದ್ಧತಿ ಆ ಮಿಕ್ಸರನ್ನು ಬದಿಗೆ ಸರಿಸಿ, ಸಾಫ್ಟ್‌ವೇರ್ ನೇರವಾಗಿ ಹಾರ್ಡ್‌ವೇರ್ ಜೊತೆ ಮಾತಾಡುವಂತೆ ಮಾಡಿತು. ಮನೆ ಸ್ಟುಡಿಯೊದ ಇತಿಹಾಸದಲ್ಲಿ ಯಾವ ಪ್ರೀಆಂಪಿಗಿಂತಲೂ ದೊಡ್ಡ ಘಟನೆ ಇದು ಎಂದು ನನ್ನ ಎಣಿಕೆ.

ಉಳಿದದ್ದು ಬೇಗ ನಡೆಯಿತು. 1999ರ ಡಿಜಿ 001 ಇಂಟರ್‌ಫೇಸ್ ಮೈಕ್ ಪ್ರೀಆಂಪ್‌ಗಳನ್ನು ಕಂಪ್ಯೂಟರಿನಿಂದ ಹೊರಗೆ, ಬೇರೆ ಪೆಟ್ಟಿಗೆಯಲ್ಲಿಟ್ಟಿತು. 2001ರಲ್ಲಿ ಮೋಟು 828 ಫೈರ್‌ವೈರ್ ತಂತಿಯಲ್ಲಿ ಕೆಲಸ ಮಾಡಿತು. ಮರುವರ್ಷ ಬಂದ ಎಂಬಾಕ್ಸ್ ಯುಎಸ್‌ಬಿ ತಂತಿಯಿಂದಲೇ ವಿದ್ಯುತ್ತನ್ನೂ ಪಡೆಯಿತು. ಅದರೊಳಗಿದ್ದದ್ದು ಫೋಕಸ್‌ರೈಟ್ ವಿನ್ಯಾಸದ ಪ್ರೀಆಂಪ್. ಆ ಫೋಕಸ್‌ರೈಟನ್ನು 1985ರಲ್ಲಿ ಸ್ಥಾಪಿಸಿದವರು ಇದೇ ರೂಪರ್ಟ್ ನೀವ್. ಸಂಗೀತ ನಿರ್ಮಾಪಕ ಜಾರ್ಜ್ ಮಾರ್ಟಿನ್ ಅವರ ಏರ್ ಸ್ಟುಡಿಯೊಗೆ ಬಿಡಿ ಮಾಡ್ಯೂಲು ಒದಗಿಸುತ್ತ ಬೆಳೆದ ಕಂಪನಿ ನಾಲ್ಕೇ ವರ್ಷದಲ್ಲಿ ಮುಗ್ಗರಿಸಿತು. ಫಿಲ್ ಡಡ್ಡರಿಜ್ ಅದನ್ನು ಕೊಂಡು ನಿಲ್ಲಿಸಿದರು. 2011ರಲ್ಲಿ ಅಲ್ಲಿಂದಲೇ ಸ್ಕಾರ್ಲೆಟ್ ಎಂಬ ಕೆಂಪು ಡಬ್ಬಿ ಬಂತು. ಪಾಡ್‌ಕಾಸ್ಟ್ ಮಾಡುವವರ ಮೇಜು, ಕವರ್ ಹಾಡು ಹಾಡುವವರ ಮೇಜು, ಎಲ್ಲಿ ನೋಡಿದರೂ ಅದೇ.

ಹಾಗಾದರೆ ಅಗ್ಗದ ಡಬ್ಬಿಯ ಪ್ರೀಆಂಪ್ ಸಾಕೇ? ಇಲ್ಲಿ ಸ್ವಲ್ಪ ಲೆಕ್ಕ ಬೇಕು.

ಯಾವುದೇ ತಂತಿಯಲ್ಲೂ ಶಾಖದಿಂದ ಎಲೆಕ್ಟ್ರಾನುಗಳು ತಳಮಳಿಸಿ ಸುಯ್ ಸದ್ದು ಹುಟ್ಟಿಸುತ್ತವೆ. ಬೆಲ್ ಪ್ರಯೋಗಾಲಯದ ಜಾನ್ಸನ್ ಮತ್ತು ನೈಕ್ವಿಸ್ಟ್ ಇದನ್ನು 1928ರಲ್ಲಿ ವಿವರಿಸಿದರು. ಮೈಕಿನ ಬದಲು 150 ಓಮ್ ರೆಸಿಸ್ಟರ್ ಇಟ್ಟರೆ ಈ ಸದ್ದು, ವೋಲ್ಟೇಜಿನ ಡೆಸಿಬಲ್ ಅಳತೆಯಲ್ಲಿ, ಸುಮಾರು −131 ಡಿಬಿಯು. ಎಷ್ಟು ದುಡ್ಡು ಸುರಿದರೂ ಪ್ರೀಆಂಪ್ ಇದಕ್ಕಿಂತ ಮೌನವಾಗಲಾರದು. ಈಗ ಸಾಧಾರಣ ಬೆಲೆಯ ಇಂಟರ್‌ಫೇಸುಗಳು ಕೊಡುವ ಅಂಕಿ −127, −128. ಪುರಾಣಪ್ರಸಿದ್ಧ 1073ರದು −125ರ ಆಸುಪಾಸು. ಅಳೆಯುವ ವಿಧಾನ ಬೇರೆಯಾದರೆ ಎರಡು ಮೂರು ಡೆಸಿಬಲ್ ಅತ್ತಿತ್ತ ಆಗುತ್ತದೆ, ನಿಜ. ಆದರೂ ಸ್ಪರ್ಧೆ ಉಳಿದಿರುವುದು ಆ ಎರಡು ಮೂರು ಡೆಸಿಬಲ್ಲಿನಲ್ಲಿ ಮಾತ್ರ.

ಇದನ್ನೇ ಕೋಣೆಗೆ ಹೊಂದಿಸಿ ನೋಡಿ. ಶೂರ್ ಎಸ್‌ಎಂ58 ಮೈಕನ್ನು −128ರ ಪ್ರೀಆಂಪಿಗೆ ಜೋಡಿಸಿದರೆ, ಆ ಪ್ರೀಆಂಪಿನ ಸುಯ್ ಸದ್ದು ಕೋಣೆಯೊಳಗೆ 18 ಡೆಸಿಬಲ್ ಶಬ್ದವಿದ್ದುದಕ್ಕೆ ಸಮ. ಇನ್ನೂ ಕ್ಷೀಣ ಸಿಗ್ನಲ್ ಕೊಡುವ ಎಸ್‌ಎಂ7ಬಿ ಆದರೆ ಸುಮಾರು 23. ಬೆಂಗಳೂರಿನ ಮಲಗುವ ಕೋಣೆ ನಡುರಾತ್ರಿಯಲ್ಲೂ 30ಕ್ಕಿಂತ ಕೆಳಗಿಳಿಯುವುದು ಅಪರೂಪ. ಮೇಲೆ ಫ್ಯಾನ್ ತಿರುಗುತ್ತಿದ್ದರೆ ಕೇಳುವುದೇ ಬೇಡ. ರೆಕಾರ್ಡಿಂಗಿನಲ್ಲಿ ಕೇಳಿಬರುವ ಸುಯ್ ಸದ್ದು ಹತ್ತರಲ್ಲಿ ಒಂಬತ್ತು ಸಲ ಕೋಣೆಯದು, ಡಬ್ಬಿಯದಲ್ಲ. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಹಾಸಿಗೆ ರಜಾಯಿಗಳನ್ನು ಗೋಡೆಗೆ ಒರಗಿಸಿದರೆ ಸಿಗುವ ಲಾಭ ಲಕ್ಷ ರೂಪಾಯಿಯ ಪ್ರೀಆಂಪಿನಿಂದ ಸಿಗದು.

ಗದ್ದಲ ಕಡಿಮೆ ಇರುವುದು ಬೇರೆ, ಗೇನ್ ಸಾಕಷ್ಟಿರುವುದು ಬೇರೆ. ಎಸ್‌ಎಂ7ಬಿ ಮೈಕಿಗೆ ಕನಿಷ್ಠ 60 ಡೆಸಿಬಲ್ ಬೇಕೆಂದು ತಯಾರಕರೇ ಹೇಳುತ್ತಾರೆ. ಮೂರನೇ ತಲೆಮಾರಿನ ಸ್ಕಾರ್ಲೆಟ್ 2ಐ2 ಕೊಡುತ್ತಿದ್ದದ್ದು 56. ಈ ಕೊರತೆಯಿಂದಲೇ 25 ಡೆಸಿಬಲ್ ಸೇರಿಸುವ ಕ್ಲೌಡ್‌ಲಿಫ್ಟರ್‌ನಂಥ ನೀಲಿ ಡಬ್ಬಿಗಳು ಪಾಡ್‌ಕಾಸ್ಟ್ ಮೇಜುಗಳಿಗೆ ಹತ್ತಿದವು. 2023ರ ನಾಲ್ಕನೇ ತಲೆಮಾರಿನಲ್ಲಿ ಗೇನ್ 69ಕ್ಕೆ ಏರಿತು. ಅದೇ ವರ್ಷ ಶೂರ್ ಅಂಥ ಬೂಸ್ಟರನ್ನು ಮೈಕಿನೊಳಗೇ ಇಟ್ಟು ಎಸ್‌ಎಂ7ಡಿಬಿ ತಂದಿತು. ಹೀಗಾಗಿ ವಿವರಪಟ್ಟಿಯಲ್ಲಿ ಮೊದಲು ಹುಡುಕಬೇಕಾದ ಸಾಲು ಗರಿಷ್ಠ ಗೇನ್. ಕಂಡೆನ್ಸರ್ ಮೈಕ್ ಬಳಸುವವರಿಗೆ ಈ ತಲೆನೋವಿಲ್ಲ. ಅದು ಹತ್ತುಪಟ್ಟು ಬಲದ ಸಿಗ್ನಲ್ ಕಳಿಸುತ್ತದೆ. ವೀಣೆ, ತಂಬೂರಿಯಂಥ ಮೆಲುದನಿಯ ವಾದ್ಯಕ್ಕೆ ಕಂಡೆನ್ಸರೇ ಸರಿ.

ಇನ್ನು ‘ಬಣ್ಣ’. 2012ರಲ್ಲಿ ಯೂನಿವರ್ಸಲ್ ಆಡಿಯೊ ಅಪೋಲೊ ಇಂಟರ್‌ಫೇಸ್ ತಂದಿತು. ಪುಟ್ನಮ್ ಕಟ್ಟಿದ ಈ ಕಂಪನಿಯನ್ನು ಅವರ ಮಕ್ಕಳು 1999ರಲ್ಲಿ ಎಬ್ಬಿಸಿ ನಿಲ್ಲಿಸಿದ್ದರು. ಮುಂದೆ ಸೇರಿಸಿದ ಯೂನಿಸನ್ ತಂತ್ರದಲ್ಲಿ ಸಾಫ್ಟ್‌ವೇರ್ ಪ್ರೀಆಂಪಿನ ಇಂಪಿಡೆನ್ಸನ್ನೇ ಬದಲಿಸಿ 610ರಂತೆಯೋ 1073ರಂತೆಯೋ ವರ್ತಿಸುವಂತೆ ಮಾಡುತ್ತದೆ. ಜಾಣ ಕೆಲಸ, ಕೇಳಲೂ ಚೆನ್ನ. ಆದರೆ ಈ ಬಣ್ಣದ ಬಹುಪಾಲನ್ನು ರೆಕಾರ್ಡ್ ಆದ ಮೇಲೂ ಪ್ಲಗಿನ್‌ನಿಂದ ಹಚ್ಚಬಹುದು, ಬೇಡವಾದರೆ ಅಳಿಸಬಹುದು. ಮೊದಲ ಇಂಟರ್‌ಫೇಸಿಗೆ ಅಷ್ಟು ಹಣ ಹಾಕಬೇಡಿ ಎಂದೇ ನಾನು ಹೇಳುವುದು.

ಅನಲಾಗನ್ನು ಅಂಕಿಯಾಗಿಸುವ ಕನ್ವರ್ಟರ್ ಚಿಪ್ಪುಗಳ ಗುಟ್ಟು ಬಯಲಾದದ್ದು ಒಂದು ಬೆಂಕಿಯಿಂದ. 2020ರ ಅಕ್ಟೋಬರ್ 20ರಂದು ಜಪಾನಿನ ನೊಬೆಯೋಕಾದಲ್ಲಿ ಅಸಾಹಿ ಕಸೈ ಕಂಪನಿಯ ಚಿಪ್ ಕಾರ್ಖಾನೆ ಹತ್ತಿ ದಿನಗಟ್ಟಲೆ ಉರಿಯಿತು. ಅಗ್ಗದ ಡಬ್ಬಿಯವರೂ ಭಾರೀ ಬೆಲೆಯವರೂ ಒಟ್ಟಿಗೆ ಬಿಕ್ಕಟ್ಟಿಗೆ ಸಿಕ್ಕರು. ಇಬ್ಬರೂ ಅಲ್ಲಿಂದಲೇ ಚಿಪ್ ತರಿಸುತ್ತಿದ್ದರು! ಹಲವರು ಬೇರೆ ಕಂಪನಿಯ ಚಿಪ್ಪಿಗೆ ತಕ್ಕಂತೆ ಸರ್ಕ್ಯೂಟ್ ಬದಲಿಸಿದರು. 24 ಬಿಟ್ ಲೆಕ್ಕಕ್ಕೆ 144 ಡೆಸಿಬಲ್ ಹರವು ಎನ್ನುತ್ತಾರೆ. ನಿಜವಾದ ಚಿಪ್ಪುಗಳು ಕೊಡುವುದು 110ರಿಂದ 120. ಮನೆಗೆ ಅದೂ ಹೆಚ್ಚೇ.

2019ರ ಜೂಮ್ ಎಫ್6ನಂಥ ರೆಕಾರ್ಡರುಗಳಿಂದ 32 ಬಿಟ್ ಫ್ಲೋಟ್ ಮೇಜಿನ ಡಬ್ಬಿಗಳಿಗೂ ಇಳಿದಿದೆ. ಎರಡು ಕನ್ವರ್ಟರುಗಳು ಬೇರೆ ಬೇರೆ ಮಟ್ಟದಲ್ಲಿ ಕೇಳಿಸಿಕೊಂಡು ಫಲಿತಾಂಶ ಜೋಡಿಸುತ್ತವೆ. ಮೃದಂಗದ ಒಂದು ಪೆಟ್ಟು ಮಿತಿ ಮೀರಿದರೂ ಒಡೆದ ಸದ್ದು ಬರುವುದಿಲ್ಲ. ಒಬ್ಬನೇ ನುಡಿಸುತ್ತ ಒಬ್ಬನೇ ಗುಂಡಿ ತಿರುಗಿಸುವವನಿಗೆ ಇದು ದೊಡ್ಡ ನೆಮ್ಮದಿ. ಕೋಣೆಯ ಗದ್ದಲವನ್ನು ಮಾತ್ರ ಇದೂ ಕಡಿಮೆ ಮಾಡದು.

ಕೊಳ್ಳುವಾಗ ವಿವರಪಟ್ಟಿಗೂ ಮೊದಲು ನಾನು ನೋಡುವುದು ಡ್ರೈವರ್. ದನಿ ಎಷ್ಟು ತಡವಾಗಿ ಕಿವಿಗೆ ಮರಳುತ್ತದೆ ಎಂಬುದು ಬಹುಮಟ್ಟಿಗೆ ಅದರ ಕೈಯಲ್ಲಿದೆ. 48 ಕಿಲೊಹರ್ಟ್ಜ್‌ನಲ್ಲಿ 128 ಸ್ಯಾಂಪಲ್ ಬಫರ್ ಎಂದರೆ 2.7 ಮಿಲಿಸೆಕೆಂಡ್, ಹೋಗಿ ಬರುವುದು, ಕನ್ವರ್ಟರಿನ ಸಮಯ ಎಲ್ಲ ಸೇರಿ ಏಳೋ ಹತ್ತೋ ಆಗುತ್ತದೆ. ಹತ್ತು ಮಿಲಿಸೆಕೆಂಡಿನಲ್ಲಿ ಶಬ್ದ ಸುಮಾರು 3.4 ಮೀಟರ್ ನಡೆಯುತ್ತದೆ. ಕೀಬೋರ್ಡ್ ನುಡಿಸುವವರು ಇಷ್ಟು ತಡವನ್ನು ಸಹಿಸುತ್ತಾರೆ. ಹಾಡುವವರಿಗೆ ತಮ್ಮ ತಲೆಯೊಳಗಿನ ದನಿಯೊಡನೆ ಹೆಡ್‌ಫೋನಿನ ದನಿ ಘರ್ಷಿಸಿ ಟೊಳ್ಳಾಗಿ ಕೇಳುತ್ತದೆ. ಆಗ ಕಂಪ್ಯೂಟರನ್ನು ಸುತ್ತದೆ ನೇರ ಕೇಳಿಸುವ ಡೈರೆಕ್ಟ್ ಮಾನಿಟರ್ ಗುಂಡಿ ಬೇಕೇ ಬೇಕು. ಜರ್ಮನಿಯ ಆರ್‌ಎಂಇ ಹೆಸರು ಮಾಡಿದ್ದು ದನಿಯ ಬಣ್ಣದಿಂದಲ್ಲ. ಡ್ರೈವರನ್ನು ತಾನೇ ಬರೆದು ವರ್ಷಾನುಗಟ್ಟಲೆ ಹೊಸ ಕಂಪ್ಯೂಟರುಗಳಿಗೆ ಹೊಂದಿಸುತ್ತ ಹೋದದ್ದರಿಂದ. ಫೈರ್‌ವೈರ್ ಡಬ್ಬಿ ಕೊಂಡವರ ಗತಿ ನೆನೆದರೆ ಇದರ ಬೆಲೆ ತಿಳಿಯುತ್ತದೆ: ಡಬ್ಬಿ ಇನ್ನೂ ಗಟ್ಟಿಮುಟ್ಟು, ಚುಚ್ಚಲು ಲ್ಯಾಪ್‌ಟಾಪಿನಲ್ಲಿ ಕಿಂಡಿಯೇ ಇಲ್ಲ.

ಎಷ್ಟು ಇನ್‌ಪುಟ್ ಎಂಬುದು ಏನು ರೆಕಾರ್ಡ್ ಮಾಡುತ್ತೀರಿ ಎಂಬುದರ ಮೇಲೆ. ಕತೆ ಓದುವವರಿಗೆ ಒಂದು, ಹಾಡು-ಗಿಟಾರಿಗೆ ಎರಡು. ತಾಳಮದ್ದಳೆಯಾದರೆ ಭಾಗವತರು, ಮದ್ದಳೆ, ಚೆಂಡೆ, ಮೂವರು ಅರ್ಥಧಾರಿಗಳು ಎಂದು ಎಣಿಸಿದರೆ ಆರಾಗುತ್ತದೆ. ಆಗ ಹಳೆಯ ಅಡಾಟ್‌ನ ಆಪ್ಟಿಕಲ್ ಕಿಂಡಿ ನೆರವಿಗೆ ಬರುತ್ತದೆ. ಆ ಕಿಂಡಿಯಿರುವ ಎರಡು ಇನ್‌ಪುಟ್ಟಿನ ಡಬ್ಬಿಗೂ ಮುಂದೊಂದು ದಿನ ಎಂಟು ಪ್ರೀಆಂಪ್‌ಗಳ ಪೆಟ್ಟಿಗೆಯನ್ನು ಒಂದೇ ಎಳೆಯಲ್ಲಿ ಸೇರಿಸಬಹುದು. ಈಗ ಬೇಡವೆನಿಸಿದರೂ ಆ ಕಿಂಡಿಗೆ ಸ್ವಲ್ಪ ಹೆಚ್ಚು ಕೊಡುವುದು ನಷ್ಟವಲ್ಲ.

ಡಬ್ಬಿ ತಂದ ಮೊದಲ ದಿನ ಗುಂಯ್ ಎಂದರೆ ಅಂಗಡಿಗೆ ಓಡಬೇಡಿ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ಓಡಿಸಿ ನೋಡಿ. ಗುಂಯ್ ನಿಂತಿತೆಂದರೆ ತಪ್ಪು ಬಹುತೇಕ ಚಾರ್ಜರಿನದೋ ಮನೆಯ ಅರ್ಥಿಂಗಿನದೋ ಆಗಿರುತ್ತದೆ. ಕರೆಸಬೇಕಾದದ್ದು ಎಲೆಕ್ಟ್ರಿಷಿಯನ್ನನ್ನು.