ಅಂಜನದೊಳಗೂ ಮೊದಲು ಬರುವವನು ಕಸ ಗುಡಿಸುವವನೇ

ಮಾಟಗಾತಿಯರ ವಿಚಾರಣೆ ಎಂದ ಕೂಡಲೆ ನಮ್ಮ ಓದುಬಲ್ಲವರು ಯುರೋಪಿಗೆ ಹೋಗಿಬಿಡುತ್ತಾರೆ. ಹೋಗಲಿ, ಅಲ್ಲಿ ನೋಡಬೇಕಾದ್ದೂ ಇದೆ. 1612ರಲ್ಲಿ ಇಂಗ್ಲೆಂಡಿನ ಲ್ಯಾಂಕಾಸ್ಟರ್ ಕೋರ್ಟಿನಲ್ಲಿ ಜೆನೆಟ್ ಡಿವೈಸ್ ಎಂಬ ಒಂಬತ್ತರ ಆಸುಪಾಸಿನ ಹುಡುಗಿಯನ್ನು ಮೇಜಿನ ಮೇಲೆ ನಿಲ್ಲಿಸಿ ಸಾಕ್ಷಿ ಹೇಳಿಸಿದರು. ಅವಳ ತಾಯಿ, ಅಣ್ಣ, ಅಕ್ಕ ಮೂವರೂ ನೇಣಿಗೇರಿದರು. ತಿರುಪೆ ಎತ್ತುತ್ತಿದ್ದ ಮನೆತನ ಅದು. 1692ರಲ್ಲಿ ಅಮೆರಿಕದ ಸೇಲಂನಲ್ಲಿ ಮೊದಲು ಸಿಕ್ಕಿಬಿದ್ದ ಮೂವರು ಹೆಂಗಸರಲ್ಲಿ ಟಿಟುಬಾ ಪಾದ್ರಿಯ ಮನೆಯ ಗುಲಾಮಳು, ಸಾರಾ ಗುಡ್ ಬೇಡಿ ತಿನ್ನುವವಳು. ಸಾರಾಳ ನಾಲ್ಕೈದು ವರ್ಷದ ಮಗಳು ಡೊರೊತಿಯನ್ನೂ ಮಾಟಗಾತಿ ಎಂದು ಸರಪಳಿ ಹಾಕಿ ಜೈಲಿಗೆ ತಳ್ಳಿದರು. ಆ ಕೂಸಿನ ಬಾಯಿಂದಲೇ ತಾಯಿಯ ಮೇಲೆ ಸಾಕ್ಷಿ ಬರೆಸಿಕೊಂಡರು.

ಇಷ್ಟು ನಮಗೆ ಗೊತ್ತಾಗಿರುವುದು ಹೇಗೆ? ಅಲ್ಲಿ ಗುಮಾಸ್ತರು ಬರೆದಿಟ್ಟರು. ಲ್ಯಾಂಕಾಸ್ಟರಿನ ಗುಮಾಸ್ತ ಥಾಮಸ್ ಪಾಟ್ಸ್ 1613ರಲ್ಲಿ ಅದನ್ನು ಅಚ್ಚೇ ಹಾಕಿಸಿದ. ನಮ್ಮ ಹೊನ್ನವಳ್ಳಿ ಸೀಮೆಯ ವಿಚಾರಣೆ ನಡೆದದ್ದು ಜಗಲಿಯ ಮೇಲೆ. ಆ ಜಗಲಿ ಹತ್ತುವ ಹಕ್ಕಿಲ್ಲದವರ ಮೇಲೆಯೇ ಅಲ್ಲಿ ತೀರ್ಪಾಗುತ್ತಿತ್ತು. ಬರೆದುಕೊಳ್ಳುವವರು ಯಾರು?

ನಮ್ಮ ಕಡೆ ಕಾಯಿಯನ್ನು ಕೆಡವಿದ ಕೂಡಲೆ ಮಾರುವುದಿಲ್ಲ. ಅಟ್ಟಕ್ಕೆ ಹಾಕಿ ಹೆಚ್ಚುಕಮ್ಮಿ ವರ್ಷ ಬಿಟ್ಟರೆ ಒಳಗೇ ನೀರು ಇಂಗಿ ಉಂಡೆ ಕೊಬ್ಬರಿಯಾಗುತ್ತದೆ. ಆಮೇಲೆ ತಿಪಟೂರು ಮಾರುಕಟ್ಟೆ. ಅಂದರೆ ಒಂದು ವರ್ಷದ ದುಡ್ಡು ಅಟ್ಟದಲ್ಲಿ ಕೂತಿರುತ್ತದೆ. ಅದರಲ್ಲಿ ನೂರು ಕಾಯಿ ಕಮ್ಮಿ ಬಂತು ಅನ್ನಿ, ಅಂಜನದವನಿಗೆ ಹೇಳಿ ಕಳಿಸೋರು. ಎಮ್ಮೆ ಹಾಲು ಇಂಗಿಸಿದರೂ, ಸೊಸೆ ಹಾಸಿಗೆ ಹಿಡಿದರೂ ಅವನೇ. ಪ್ರಶ್ನೆ ಮಾತ್ರ ಬೇರೆ: ಕದ್ದೋರ್ ಯಾರು ಅನ್ನೋದರ ಬದಲು ಮಾಟ ಮಾಡಿಸ್ದೋರ್ ಯಾರು, ಮದ್ದು ಹಾಕ್ದೋರ್ ಯಾರು.

ಅಂಜನ ನೋಡೋಕೆ ಮಗುವೇ ಬೇಕು. ಕಾಲು ಮುಂದಾಗಿ ಹುಟ್ಟಿದ ಮಗುವಾದರೆ ಇನ್ನೂ ಒಳ್ಳೇದು ಅಂತಾರೆ. ಹೆಬ್ಬೆರಳ ಉಗುರಿಗೋ ವೀಳ್ಯದೆಲೆಗೋ ಕಪ್ಪು ಬಳಿದು, ದೀಪದ ಮುಂದೆ ಕೂರಿಸಿ, ಕಣ್ಣು ಮಿಟುಕಿಸದೆ ನೋಡು ಎನ್ನುತ್ತಾರೆ. ನಾನು ಹುಡುಗನಾಗಿದ್ದಾಗ ಬಾಗಿಲಾಚೆ ನಿಂತು ಕೇಳಿಸಿಕೊಂಡ ಮಾತಿನ ವರಸೆ ಹೀಗಿತ್ತು: ‘ಕಸ ಗುಡ್ಸೋನು ಬಂದ್ನೇನಪ್ಪ?’ ‘ಹೂಂ, ಬಂದ.’ ‘ಗುಡ್ಸುದ್ನಾ? ನೀರು ಚಿಮುಕ್ಸುದ್ರಾ? ಗಾದಿ ಹಾಕುದ್ರಾ? ಸ್ವಾಮಿ ಬಂದು ಕೂತ್ನಾ?’ ಗುಡಿಸಿದವನು ಅಷ್ಟೊತ್ತಿಗೆ ಮರೆಯಾಗಿರುತ್ತಾನೆ. ಉಗುರಿನಷ್ಟು ಜಾಗದ ದೇವಲೋಕದಲ್ಲೂ ಅವನ ಕೆಲಸ ಬದಲಾಗಲಿಲ್ಲವಲ್ಲ! ಆಮೇಲೆ ಹೆಸರು. ಪ್ರಶ್ನೆಯೊಳಗೇ ಉತ್ತರ ಇರುತ್ತಿತ್ತು: ‘ಕೆಳಗ್ಲು ಬೀದಿ ಕಡೆಯಿಂದ ಬಂದ್ನಾ? ಕರಿ ಕಂಬ್ಳಿ ಹೊದ್ದಿದ್ನಾ?’ ಮಗು ಹೂಂ ಅನ್ನುತ್ತದೆ. ಅಟ್ಟಕ್ಕೆ ಕಾಯಿ ಹೊತ್ತು ಹಾಕಿದವನೇ ಕಳ್ಳ. ಅವನ ಅವ್ವ ಮಾಟಗಾತಿ. ಯಾರ ನೆರಳು ಸೋಕಬಾರದೋ ಅವರ ಕಣ್ಣಿಗೆ ಮಾತ್ರ ತೋಟ ಒಣಗಿಸುವ ಶಕ್ತಿ ಕೊಟ್ಟಿದ್ದು ಎಂಥ ಔದಾರ್ಯ!

ಕಲಬುರಗಿ, ಬೀದರ್ ಕಡೆ ಇದೇ ಭಾನಾಮತಿ. ಮನೆ ಮೇಲೆ ಕಲ್ಲು ಬೀಳುವುದು, ಬಟ್ಟೆಗೆ ಬೆಂಕಿ ಹತ್ತುವುದು, ಹೆಣ್ಣುಮಕ್ಕಳು ನಾಯಿಯಂತೆ ಬೊಗಳುವುದು. ಮಾಡಿದವರೆಂದು ಹಿಡಿದವರ ಹಲ್ಲು ಕೀಳುತ್ತಿದ್ದರು, ಮಂತ್ರ ತೊದಲಲಿ ಅಂತ. 1980ರ ದಶಕದಲ್ಲಿ ಸರ್ಕಾರ ಎಚ್. ನರಸಿಂಹಯ್ಯನವರ ಸಮಿತಿಯಿಂದ ಇದರ ತನಿಖೆ ಮಾಡಿಸಿತು. ವಿಚಾರವಾದಿಗಳು ಕೇಳಿದ ಪ್ರಶ್ನೆ, ಇದು ನಿಜವೋ ಸುಳ್ಳೋ? ಆ ಪ್ರಶ್ನೆ ಬೇಕಾಗಿತ್ತು, ಆದರೆ ಸಾಲದು. ಬೊಗಳಿದ ಹುಡುಗಿಯ ಸಂಕಟಕ್ಕೆ ವೈದ್ಯರು ಸಿಕ್ಕರು. ಹಲ್ಲು ಕಳಕೊಂಡವರ ಜಾತಿ ಯಾವುದು, ಅವರಿಗೆ ಎಷ್ಟು ಗುಂಟೆ ಇತ್ತು ಎಂಬುದು ಚರ್ಚೆಯ ನಡುವಿಗೆ ಬರಲಿಲ್ಲ.

2017ರಲ್ಲಿ ವಿಧಾನಮಂಡಲ ಒಪ್ಪಿದ ಮೌಢ್ಯ ನಿಷೇಧ ಕಾಯ್ದೆ 2020ರ ಜನವರಿಯಲ್ಲಿ ಜಾರಿಗೆ ಬಂತು. ಠಾಣೆಗೆ ಹೋಗಲು ಒಂದು ಕಾಗದ ಸಿಕ್ಕಂತಾಯಿತು. ಆದರೆ ಕಾಯ್ದೆಗೆ ಹಿಂದಿನದು ಕಾಣುವುದಿಲ್ಲ. ಹೊನ್ನವಳ್ಳಿ ಹೋಬಳಿಯ ಕೇರಿಗಳಲ್ಲಿ ಹಳಬರು ಇನ್ನೂ ಇದ್ದಾರೆ. ಸಂಘಟನೆಯ ಹುಡುಗರು ಒಂದು ನೋಟ್‌ಬುಕ್ಕು ಹಿಡಿದು ಕೂತು ಕೇಳಬೇಕು: ಯಾರ ಹೆಸರು ಬಂತು, ಊರು ಬಿಟ್ಟು ಹೋದವರು ಎಲ್ಲಿಗೆ ಹೋದರು, ಅವರು ಬಿಟ್ಟುಹೋದ ಹೊಲ ಈಗ ಯಾರ ತೋಟ, ಆವತ್ತು ಅಂಜನ ನೋಡಿದ ಮಗು ಯಾರ ಮನೆಯದು, ಅಟ್ಟದ ಬೀಗದ ಕೈ ಯಾರ ಹತ್ತಿರ ಇತ್ತು.