ವೇಗದ ಎರಡನೇ ಚಲನ್ ಮತ್ತು ಲೈಸೆನ್ಸಿನ ಷರಾ: ಬೆಂಗ್ರೆ ಸವಾರರ ನೆಲೆಯಿಂದ ಒಂದು ಟಿಪ್ಪಣಿ

ಮಂಗಳೂರಿನ ಬೆಂಗ್ರೆಯಿಂದ ಹಳೆ ಬಂದರಿಗೆ ಫೆರಿಯಲ್ಲಿ ದಾಟುವವರಿಗೆ ಚಲನಿನ ಭಯವಿಲ್ಲ. ಬೈಕಿನಲ್ಲಿ ಪೇಟೆಗೆ ಹೊರಟವರು ಮಾತ್ರ ತಣ್ಣೀರುಬಾವಿ ದಾಟಿ, ರಾಷ್ಟ್ರೀಯ ಹೆದ್ದಾರಿ 66 ಹಿಡಿದು, ಕೂಳೂರಿನಲ್ಲಿ ಫಲ್ಗುಣಿ ನದಿಯನ್ನು ದಾಟಿ ಸುತ್ತಿ ಬರಬೇಕು. ಆ ಹೆದ್ದಾರಿಯಲ್ಲಿ ವೇಗ ಮೀರಿ ಎರಡನೇ ಸಲ ಸಿಕ್ಕಿಬಿದ್ದವರ ಲೈಸೆನ್ಸಿನ ಗತಿಯೇನು?

ದಂಡ ಕಟ್ಟಿದರೆ ಎಲ್ಲ ಮುಗಿಯಿತು ಎಂಬ ನಂಬಿಕೆ ವ್ಯಾಪಕವಾಗಿದೆ. 1988ರ ಮೋಟಾರು ವಾಹನ ಕಾಯ್ದೆಯ ಕಲಂ 200 ಅದಕ್ಕೆ ಆಸ್ಪದವನ್ನೂ ಕೊಟ್ಟಿತ್ತು. 2019ರ ತಿದ್ದುಪಡಿ ಅದೇ ಕಲಮಿಗೆ ಹೊಸ ಪರಂತುಕಗಳನ್ನು ಸೇರಿಸಿದೆ: ಸ್ಥಳದಂಡ ಕಟ್ಟಿ ಇತ್ಯರ್ಥಗೊಂಡ ಅಪರಾಧವೂ ಮುಂದಿನ ಸಲ ‘ಹಿಂದಿನ ಅಪರಾಧ’ವೆಂದೇ ಲೆಕ್ಕಕ್ಕೆ ಬರುತ್ತದೆ, ಲೈಸೆನ್ಸ್ ಮೇಲಿನ ಕ್ರಮದಿಂದಲೂ ಬಿಡುಗಡೆಯಿಲ್ಲ. 2023ರ ಫೆಬ್ರುವರಿಯಲ್ಲಿ, ಮತ್ತೆ 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ, ರಾಜ್ಯ ಸರ್ಕಾರ ಬಾಕಿ ಇ-ಚಲನ್‌ಗಳಿಗೆ ಶೇ. 50 ರಿಯಾಯಿತಿ ಕೊಟ್ಟಾಗ ಜನ ಮುಗಿಬಿದ್ದು ಕಟ್ಟಿದರು. ಅರ್ಧಕ್ಕಿಳಿದದ್ದು ಹಣವೇ ಹೊರತು ಅಪರಾಧದ ಎಣಿಕೆಯಲ್ಲ.

ಕಲಂ 183ರ ಪ್ರಕಾರ ಲಘು ವಾಹನಕ್ಕೆ ದಂಡ 1,000ದಿಂದ 2,000 ರೂಪಾಯಿ. ಎರಡನೇ ಸಲವಾದರೆ ಲೈಸೆನ್ಸನ್ನು ವಶಪಡಿಸಿಕೊಂಡು ಕಲಂ 19ರಡಿ ಕ್ರಮಕ್ಕೆ ಆರ್‌ಟಿಒಗೆ ಕಳಿಸಬೇಕು. ಅಲ್ಲಿ ಮೊದಲ ಅಪರಾಧಕ್ಕೆ ಮೂರು ತಿಂಗಳ ಅನರ್ಹತೆ, ನಂತರದ್ದಕ್ಕೆ ಲೈಸೆನ್ಸ್ ರದ್ದು.

ಲೈಸೆನ್ಸಿನ ಮೇಲೆ ದಾಖಲಾಗುವ ಅಪರಾಧದ ನಮೂದನ್ನು, ಅಂದರೆ ಷರಾವನ್ನು, ಅಳಿಸುವ ದಾರಿಯೊಂದು ಕಾಯ್ದೆಯಲ್ಲೇ ಇದೆ. ಅದನ್ನು ಬಳಸುವವರು ಕಡಿಮೆಯೆಂದು ತೋರುತ್ತದೆ. ಕಲಂ 25ರಂತೆ, ಷರಾ ಬಿದ್ದ ಲೈಸೆನ್ಸಿನವರು ಮೂರು ವರ್ಷ ಹೊಸ ಷರಾ ಇಲ್ಲದೆ ಕಳೆದರೆ ಸ್ವಚ್ಛ ಲೈಸೆನ್ಸ್ ಪಡೆಯಬಹುದು. ಷರಾ ಕೇವಲ ವೇಗಮಿತಿ ಮೀರಿದ್ದಕ್ಕಾದರೆ ಒಂದೇ ವರ್ಷ ಸಾಕು. ಅನರ್ಹತೆಯ ಅವಧಿ ಇದರಲ್ಲಿ ಸೇರುವುದಿಲ್ಲ. ಕಾಯ್ದೆ ನಮೂದಿಸಿದ ಶುಲ್ಕ ಐದು ರೂಪಾಯಿ! ಆದರೆ ಸ್ವಚ್ಛ ಲೈಸೆನ್ಸ್ ಕೈಗೆ ಬಂದ ಮಾತ್ರಕ್ಕೆ ಹಳೆಯ ಅಪರಾಧ ಎಣಿಕೆಯಿಂದ ಹೊರಬೀಳುತ್ತದೆಯೇ? ಅಪಾಯಕಾರಿ ಚಾಲನೆಯ ಕಲಂ 184 ‘ಮೂರು ವರ್ಷದೊಳಗೆ’ ಎಂಬ ಮಿತಿ ಹಾಕುತ್ತದೆ. ಕಲಂ 183ರಲ್ಲಿ ಅಂಥ ಮಿತಿಯೇ ಇಲ್ಲ. ಹಾಗಾಗಿ ಹೊರಬೀಳುವುದಿಲ್ಲ ಎಂದೇ ನನ್ನ ಓದು.

ಆದ್ದರಿಂದ ತಕರಾರು ತೆಗೆಯಬೇಕಾದದ್ದು ಮೊದಲ ಚಲನಿನಲ್ಲೇ, ಅದೂ ಹಣ ಕಟ್ಟುವ ಮುನ್ನ. ಒಬ್ಬ ಸಾಕ್ಷಿಯ ಬರೀ ಅಂದಾಜಿನ ಮೇಲೆ ಶಿಕ್ಷೆ ಕೂಡದು, ಅದಕ್ಕೆ ಉಪಕರಣದ ಆಧಾರವಿರಬೇಕು ಎಂದು ಕಲಂ 183 ಹೇಳುತ್ತದೆ. 2021ರ ಆಗಸ್ಟಿನಲ್ಲಿ ಬಂದ, ಕೇಂದ್ರ ಮೋಟಾರು ವಾಹನ ನಿಯಮಗಳ ನಿಯಮ 167ಎ ಪ್ರಕಾರ ಕ್ಯಾಮೆರಾ, ಸ್ಪೀಡ್ ಗನ್‌ಗಳಿಗೆ ವರ್ಷ ವರ್ಷ ನವೀಕರಿಸಿದ ಅನುಮೋದನಾ ಪತ್ರ ಬೇಕು. ನೋಟಿಸು ಘಟನೆಯಾದ 15 ದಿನಗಳೊಳಗೆ ಹೊರಡಬೇಕು. ಇವುಗಳಲ್ಲಿ ಲೋಪ ಕಂಡರೆ ನ್ಯಾಯಾಲಯದಲ್ಲಿ ಎತ್ತಬಹುದು.

ಕ್ಯಾಮೆರಾ ಹಿಡಿಯುವುದು ನಂಬರ್ ಪ್ಲೇಟನ್ನು. ಅಣ್ಣನ ಹೆಸರಿನ ಬೈಕನ್ನು ತಮ್ಮ ಓಡಿಸಿದರೂ ನೋಟಿಸು ಬರುವುದು ಅಣ್ಣನಿಗೆ. ಪೊಲೀಸರು ಕೇಳಿದಾಗ ಓಡಿಸಿದವರ ವಿವರ ಕೊಡುವುದು ಕಲಂ 133ರಡಿ ಮಾಲೀಕನ ಕರ್ತವ್ಯ; ಸುಳ್ಳು ಹೆಸರು ಕೊಟ್ಟರೆ ಅದೇ ಬೇರೆ ಅಪರಾಧ.

ಲೈಸೆನ್ಸ್ ಆರ್‌ಟಿಒ ಮೇಜಿಗೆ ಹೋದ ಮೇಲೂ ಅಹವಾಲು ಹೇಳಿಕೊಳ್ಳುವ ಹಕ್ಕುಂಟು. ತೃಪ್ತಿಯಾದರೆ ಅಧಿಕಾರಿ ಕ್ರಮ ಕೈಬಿಡಬಹುದು. ಅನರ್ಹಗೊಳಿಸುವುದಾದರೆ ಕಾರಣ ಬರೆದಿಡಬೇಕು. ಆದೇಶ ಕೈಸೇರಿದ 30 ದಿನಗಳೊಳಗೆ ಮೇಲ್ಮನವಿಗೆ ಅವಕಾಶವಿದೆ.