ಹಳೆಯ ಯುದ್ಧವಿಮಾನದ ಮೆಷಿನ್ ಗನ್: ಯಾವ ಡ್ರಾಯಿಂಗನ್ನು ನಂಬಬೇಕು?

ಕಂಪ್ಯೂಟರಿನಲ್ಲಿ ಹಳೆಯ ವಿಮಾನಗಳ ಮೂರು ಆಯಾಮದ ಮಾದರಿ ಕಟ್ಟುವ ಹವ್ಯಾಸ ನಮ್ಮ ಸದಸ್ಯರ ಮನೆಗಳಿಗೂ ಬಂದಿದೆ. ರೆಕ್ಕೆ, ಚಕ್ರ, ಪ್ರೊಪೆಲ್ಲರ್ ಮುಗಿಯುವವರೆಗೆ ಕೆಲಸ ಸರಾಗ. ಮೆಷಿನ್ ಗನ್ನಿನ ಹತ್ತಿರ ಬಂದಾಗ ತೊಡಕು ಶುರುವಾಗುತ್ತದೆ. ಡ್ರಾಯಿಂಗ್ ಸಿಗುವುದಿಲ್ಲ ಎಂದಲ್ಲ, ಬೇಕಾದಷ್ಟು ಸಿಗುತ್ತವೆ. ಆದರೆ ಅವುಗಳಲ್ಲಿ ಬಹುಪಾಲು ನೆಲದ ಮೇಲೆ ಸೈನಿಕರು ಬಳಸಿದ ಕೋವಿಯವು. ವಿಮಾನಕ್ಕೆ ಏರಿದ ಕೋವಿಗೆ ಹೆಸರು ಅದೇ ಇದ್ದರೂ ರೂಪ ಬೇರೆ. ಈ ಒಂದು ವಿಷಯ ಮೊದಲೇ ಗೊತ್ತಿದ್ದರೆ ವಾರಗಟ್ಟಲೆ ಶ್ರಮ ಉಳಿಯುತ್ತದೆ. ನಮಗೆ ಗೊತ್ತಿರಲಿಲ್ಲ.

ನಾವು ಮೊದಲು ಕೈಹಾಕಿದ್ದು ಎಸ್.ಇ.5ಎ ವಿಮಾನಕ್ಕೆ. ಮೊದಲನೇ ಮಹಾಯುದ್ಧದ ಬ್ರಿಟಿಷ್ ವಿಮಾನ ಅದು. ಕಲ್ಕತ್ತೆಯಲ್ಲಿ ಹುಟ್ಟಿದ ಇಂದ್ರಲಾಲ್ ರಾಯ್ 1918ರ ಜುಲೈನಲ್ಲಿ ಇದೇ ವಿಮಾನದಲ್ಲಿ ಹತ್ತು ಗೆಲುವು ಪಡೆದು, ಅದೇ ತಿಂಗಳ 22ರಂದು, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಹೋರಾಟದಲ್ಲೇ ತೀರಿಕೊಂಡರು. ಅದರಲ್ಲಿ ಎರಡು ಗನ್‌ಗಳಿವೆ. ಮೂತಿಯ ಮೇಲೆ ಒಂದು ವಿಕರ್ಸ್, ಮೇಲಿನ ರೆಕ್ಕೆಯ ಮೇಲೆ ಒಂದು ಲೂಯಿಸ್. ಎರಡಕ್ಕೂ .303 ಅಂಗುಲದ ಗುಂಡು.

ಲೂಯಿಸ್ ಗನ್ನಿನ ಪಕ್ಕನೋಟದ ಒಂದು ಚೆಂದದ ಡ್ರಾಯಿಂಗ್ ಸಿಕ್ಕಿತು. ಹಿಂದೆ ಮರದ ಹಿಡಿಯಿಲ್ಲದ, ವಿಮಾನದ ಮಾದರಿಯೇ. ಅಳತೆ ಮಾತ್ರ ಬರೆದಿರಲಿಲ್ಲ. ಪುಸ್ತಕಗಳಲ್ಲಿ ಲೂಯಿಸ್ ಗನ್ನಿನ ಒಟ್ಟು ಉದ್ದ 50.5 ಅಂಗುಲ, ಅಂದರೆ ಸುಮಾರು 128 ಸೆಂ.ಮೀ. ಎಂದಿತ್ತು. ಡ್ರಾಯಿಂಗನ್ನು ಆ ಉದ್ದಕ್ಕೆ ಹಿಗ್ಗಿಸಿ ಮಾದರಿ ಮಾಡಿದೆವು. ರೆಕ್ಕೆಯ ಮೇಲೆ ಕೂರಿಸಿದರೆ ದೊಡ್ಡದಾಗಿ ಕಾಣುತ್ತಿತ್ತು. ರೆಕ್ಕೆಯ ಅಳತೆಯೇ ತಪ್ಪಿರಬೇಕೆಂದು ಅದನ್ನು ಎರಡು ಸಲ ತಿದ್ದಿದೆವು! ಆ 50.5 ಅಂಗುಲ ಮರದ ಹಿಡಿಯಿರುವ ನೆಲದ ಗನ್ನಿನದು ಎಂದು ಹೊಳೆದದ್ದು ಆಮೇಲೆ. ಹಿಡಿಯಿಲ್ಲದ ಗನ್ನನ್ನು ಹಿಡಿಯಿರುವ ಗನ್ನಿನ ಉದ್ದಕ್ಕೆ ಎಳೆದಿದ್ದೆವು, ಹಾಗಾಗಿ ಪ್ರತಿಯೊಂದು ಭಾಗವೂ ದಪ್ಪವಾಗಿತ್ತು.

ನೆಲದ ಗನ್ನಿಗೂ ವಿಮಾನದ ಗನ್ನಿಗೂ ಈ ವ್ಯತ್ಯಾಸ ಯಾಕೆ ಬಂತು ಎಂದು ತಿಳಿದರೆ ಡ್ರಾಯಿಂಗ್ ಗುರುತಿಸುವುದು ಸುಲಭ. ನೆಲದ ಲೂಯಿಸ್‌ಗೆ ನಳಿಕೆ ತಂಪಾಗಲೆಂದು ದಪ್ಪ ಕೊಳವೆಯ ಹೊದಿಕೆ ಇದೆ, ಒಳಗೆ ಅಲ್ಯೂಮಿನಿಯಂ ರೆಕ್ಕೆಗಳು. ಹಾರುವಾಗ ಗಾಳಿಯೇ ತಂಪು ಮಾಡುತ್ತದೆ, ಆದ್ದರಿಂದ ಹೊದಿಕೆ ತೆಗೆದು ತೂಕ ಇಳಿಸಿದರು. ಆಗ ನಳಿಕೆಯೂ ಅದರ ಕೆಳಗಿನ ಗ್ಯಾಸ್ ಕೊಳವೆಯೂ ಬರಿಗಣ್ಣಿಗೆ ಕಾಣುತ್ತವೆ. ಹಿಂದೆ ಮರದ ಹಿಡಿಯ ಬದಲು ಸಲಿಕೆ ಹಿಡಿಯಂಥದ್ದು. ಮೇಲಿನ ದುಂಡು ಡಬ್ಬಿಯಲ್ಲಿ ನೆಲದ ಗನ್ನಿಗೆ 47 ಗುಂಡು, ವಿಮಾನಕ್ಕೆ 97. ಎರಡು ಪದರದ ಬದಲು ನಾಲ್ಕು ಪದರ, ಹಾಗಾಗಿ ಡಬ್ಬಿಯ ಅಗಲ ಹೆಚ್ಚುಕಡಿಮೆ ಅಷ್ಟೇ ಇದ್ದು ಎತ್ತರ ಮಾತ್ರ ಹೆಚ್ಚು. ಆದರೂ ಒಂದು ಎಚ್ಚರ: ಯುದ್ಧದ ಮೊದಲ ತಿಂಗಳುಗಳಲ್ಲಿ ನೆಲದ ಗನ್ನನ್ನೇ ಹೊದಿಕೆ ಸಹಿತ ವಿಮಾನಕ್ಕೆ ಕಟ್ಟಿಕೊಂಡು ಹೋದವರಿದ್ದರು. ಆದ್ದರಿಂದ ಫೋಟೋದ ತಾರೀಕು ನೋಡದೆ ತೀರ್ಮಾನಿಸಬಾರದು.

ವಿಕರ್ಸ್ ಕತೆಯೇ ಬೇರೆ. ಅದರ ನಳಿಕೆ ಪ್ರತಿ ಗುಂಡಿಗೂ ಹಿಂದೆ ಮುಂದೆ ಸರಿಯುತ್ತದೆ, ಅದಕ್ಕೆ ಆಧಾರ ಕೊಡುವುದು ಹೊರಗಿನ ಹೊದಿಕೆಯೇ. ಹಾಗಾಗಿ ನೀರನ್ನು ಬಿಟ್ಟರೂ ಹೊದಿಕೆಯನ್ನು ಬಿಡುವಂತಿರಲಿಲ್ಲ. ಗಾಳಿಯಾಡಲು ಅದರ ಮೈಗೆ ಸೀಳುಗಳನ್ನು ಕೊಟ್ಟರು. ಸೀಳಿಲ್ಲದ ವಿಕರ್ಸ್ ಡ್ರಾಯಿಂಗ್ ಸಿಕ್ಕರೆ ಅದು ಕಾಲಾಳು ಪಡೆಯದೆಂದು ತಿಳಿಯಿರಿ. ಜರ್ಮನ್ನರ ‘ಸ್ಪಾಂಡೌ’ ಕೂಡ ವಿಕರ್ಸ್‌ನಂತೆಯೇ ಮ್ಯಾಕ್ಸಿಮ್ ಗನ್ನಿನ ವಂಶದ್ದು, ಅಲ್ಲಿಯೂ ಇದೇ ನಿಯಮ.

ಲೂಯಿಸ್ ರೆಕ್ಕೆಯ ಮೇಲೇಕೆ ಹೋಯಿತು? ತಿರುಗುವ ಪ್ರೊಪೆಲ್ಲರಿನ ಅಲಗುಗಳ ನಡುವೆ ಗುಂಡು ಹಾರಿಸಲು ಗನ್ನಿನ ತಾಳ ಎಂಜಿನ್ನಿನ ತಾಳಕ್ಕೆ ಹೊಂದಬೇಕು. ಲೂಯಿಸ್‌ನಲ್ಲಿ ಬೋಲ್ಟ್ ಹಿಂದೆ ನಿಂತಿದ್ದು, ಕುದುರೆ ಒತ್ತಿದ ಮೇಲೆ ಮುಂದೆ ಬರುತ್ತದೆ. ಆ ಕ್ಷಣ ನಿಖರವಾಗಿ ಸಿಗುವುದಿಲ್ಲ. ಹಾಗಾಗಿ ಅದು ಪ್ರೊಪೆಲ್ಲರಿಗಿಂತ ಮೇಲಕ್ಕೆ, ಫಾಸ್ಟರ್ ಎಂಬ ಸಾರ್ಜೆಂಟ್ ಯೋಚಿಸಿದ ಬಾಗಿದ ಹಳಿಯ ಮೇಲೆ ಹೋಯಿತು. ಡಬ್ಬಿ ಬದಲಿಸಲು ಪೈಲಟ್ ಆ ಹಳಿಯ ಮೇಲೆ ಗನ್ನನ್ನು ಕೆಳಗೆ ಎಳೆದುಕೊಳ್ಳುತ್ತಿದ್ದ. ಈ ಹಳಿ ಗನ್ನಿನ ಕೈಪಿಡಿಗಿಂತ ವಿಮಾನದ ಡ್ರಾಯಿಂಗ್‌ಗಳಲ್ಲಿ ಸಿಗುವುದೇ ಹೆಚ್ಚು. ವಿಕರ್ಸ್‌ಗೆ ರುಮೇನಿಯಾದ ಜಾರ್ಜ್ ಕಾನ್‌ಸ್ಟಂಟಿನೆಸ್ಕೊ ಅವರ ವ್ಯವಸ್ಥೆ: ಎಣ್ಣೆ ತುಂಬಿದ ಕೊಳವೆಯಲ್ಲಿ ಒತ್ತಡದ ಅಲೆ. ಅಲ್ಲಿ ಸರಳು, ಸನ್ನೆಗಳನ್ನು ಮಾಡಿಟ್ಟರೆ ತಪ್ಪು, ಬೇಕಾದದ್ದು ಸಣ್ಣ ಕೊಳವೆ.

ಇನ್ನು ಡ್ರಾಯಿಂಗ್‌ಗಳ ಬಗೆ. ಪೇಟೆಂಟ್ ಚಿತ್ರಗಳು ಉಚಿತವಾಗಿ ಸಿಗುತ್ತವೆ, ಆದರೆ ಅವು ಕೆಲಸದ ತತ್ವ ತೋರಿಸಲು ಬರೆದವು, ಅಳತೆಗೆ ಅಲ್ಲ. ಸೈನ್ಯದ ತರಬೇತಿ ಕೈಪಿಡಿಗಳ ಅಡ್ಡಸೀಳು ಚಿತ್ರಗಳು ಉತ್ತಮ. ಅಮೆರಿಕದ ನೌಕಾಪಡೆಗಾಗಿ ಜಾರ್ಜ್ ಚಿನ್ ಬರೆದ ‘ದಿ ಮೆಷಿನ್ ಗನ್’ ಗ್ರಂಥದ ಮೊದಲ ಸಂಪುಟ 1951ರಲ್ಲಿ ಬಂತು. ಯಾವ ಗನ್ ಯಾವುದರ ಮಗ, ಯಾವುದರ ಮೊಮ್ಮಗ ಎಂದು ತಿಳಿಯಲು ಅದರಷ್ಟು ಒಳ್ಳೆಯದು ನಾವು ಕಂಡಿಲ್ಲ. ಹವ್ಯಾಸಿಗಳ ಮೂರು ನೋಟದ ಡ್ರಾಯಿಂಗ್‌ಗಳು ನೋಡಲು ಅಂದ, ಆದರೆ ಒಬ್ಬರ ತಪ್ಪನ್ನು ಇನ್ನೊಬ್ಬರು ನಕಲು ಮಾಡಿರುತ್ತಾರೆ. ಸಂಗ್ರಹಾಲಯದ ಫೋಟೋ ನಂಬಬಹುದು, ಹಾರುವ ಸ್ಥಿತಿಯ ಹಳೆಯ ವಿಮಾನಗಳಲ್ಲಿ ಮಾತ್ರ ನಕಲಿ ಗನ್ ಇರುವುದು ಸಾಮಾನ್ಯ.

ಅಳತೆಯಿಲ್ಲದ ಡ್ರಾಯಿಂಗಿಗೆ ನಾವೀಗ ಒಟ್ಟು ಉದ್ದವನ್ನು ಮುಟ್ಟುವುದೇ ಇಲ್ಲ. ಅಡ್ಡಸೀಳು ಚಿತ್ರದಲ್ಲಿ ಕಾಡತೂಸು ಕಾಣಿಸಿದ್ದರೆ ಅದನ್ನೇ ಅಳತೆಗೋಲು ಮಾಡುತ್ತೇವೆ. ಗನ್ ಯಾವುದಾದರೂ .303 ಕಾಡತೂಸಿನ ಉದ್ದ ಸುಮಾರು 78 ಮಿ.ಮೀ., ಅಡಿಯ ಅಂಚಿನ ವ್ಯಾಸ 13.7 ಮಿ.ಮೀ. ಉದ್ದಕ್ಕೂ ಅಡ್ಡಕ್ಕೂ ಬೇರೆ ಬೇರೆ ತಾಳೆ ನೋಡುವುದು ಮುಖ್ಯ. ಹಳೆಯ ಕಾಗದ ಒಂದು ದಿಕ್ಕಿಗೆ ಹೆಚ್ಚು ಕುಗ್ಗಿರುತ್ತದೆ, ಸ್ಕ್ಯಾನರ್ ಕೂಡ ಎಳೆದಿರುತ್ತದೆ.

ಹೊಸೂರಿನ ಕಾರ್ಖಾನೆಗಳಲ್ಲಿ ದಿನವೂ ಡ್ರಾಯಿಂಗ್ ಓದುವ ಸದಸ್ಯರಿಗೆ ಮುಂದಿನ ಮಾತು ಹೊಸದಲ್ಲ. ಹಳೆಯ ಬ್ರಿಟಿಷ್ ಡ್ರಾಯಿಂಗ್‌ಗಳು ಸಾಮಾನ್ಯವಾಗಿ ಫಸ್ಟ್ ಆ್ಯಂಗಲ್ ಕ್ರಮದವು. ನಮ್ಮ ಐಟಿಐ, ಡಿಪ್ಲೊಮಾಗಳಲ್ಲಿ ಕಲಿಸುವುದೂ ಅದನ್ನೇ: ಮೇಲಿನ ನೋಟ ಕೆಳಗೆ, ಎಡನೋಟ ಬಲಕ್ಕೆ. ಅಮೆರಿಕದವು ಥರ್ಡ್ ಆ್ಯಂಗಲ್, ಅಲ್ಲಿ ಎಲ್ಲವೂ ತಿರುವುಮುರುವು. ಗೊತ್ತಿಲ್ಲದೆ ಓದಿದರೆ ಬೆಲ್ಟ್ ತಪ್ಪು ಬದಿಯಿಂದ ಒಳಗೆ ಹೋಗುತ್ತದೆ.

ಅಮೆರಿಕದ ಗನ್ ಎಂದಾಗ ಬಿ-24 ಲಿಬರೇಟರ್ ನೆನಪಾಗುತ್ತದೆ. ಸೊಲ್ಲಾಪುರದಲ್ಲಿ ಹುಟ್ಟಿದ ವಾಲ್‌ಚಂದ್ ಹೀರಾಚಂದ್ 1940ರಲ್ಲಿ ಬೆಂಗಳೂರಿನಲ್ಲಿ ಶುರುಮಾಡಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್, ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಬಿಟ್ಟುಹೋಗಿದ್ದ ಲಿಬರೇಟರ್‌ಗಳನ್ನು ಮತ್ತೆ ಹಾರುವಂತೆ ಮಾಡಿತು. ನಮ್ಮ ವಾಯುಪಡೆ ಅವುಗಳನ್ನು 1968ರವರೆಗೆ ಬಳಸಿತು. ಅವುಗಳಲ್ಲೊಂದು ಈಗ ಬ್ರಿಟನ್ನಿನ ರಾಯಲ್ ಏರ್‌ಫೋರ್ಸ್ ಮ್ಯೂಸಿಯಂನಲ್ಲಿದೆ. ಈ ವಿಮಾನದ .50 ಬ್ರೌನಿಂಗ್ ಗನ್ನಿನ ನಳಿಕೆ 36 ಅಂಗುಲ. ಹುಡುಕಿದ ತಕ್ಷಣ ಸಿಗುವ ಡ್ರಾಯಿಂಗ್‌ಗಳು ಇಂದಿಗೂ ಸೈನ್ಯಗಳಲ್ಲಿರುವ ನೆಲದ ಮಾದರಿಯವು, ನಳಿಕೆ 45 ಅಂಗುಲ. ಲೂಯಿಸ್‌ನಲ್ಲಿ ನಾವು ಬಿದ್ದ ಗುಂಡಿಯೇ ಇಲ್ಲಿಯೂ ಇದೆ. ಸ್ಪಿಟ್‌ಫೈರ್, ಹರಿಕೇನ್ ಮಾಡುವವರಿಗೆ ಈ ತಲೆನೋವಿಲ್ಲ. ಎಂಟು ಬ್ರೌನಿಂಗ್‌ಗಳೂ ರೆಕ್ಕೆಯೊಳಗೆ ಅಡಗಿವೆ, ಹೊರಗೆ ಕಾಣುವುದು ತೂತು, ಅದರ ಮೇಲಿನ ಕೆಂಪು ಬಟ್ಟೆಯ ತೇಪೆ ಅಷ್ಟೇ.

ನಾವು ಮಾಡುವುದು ಹೊರಮೈ ಮಾತ್ರ, ಒಳಯಂತ್ರದ ಡ್ರಾಯಿಂಗನ್ನು ಅರ್ಥಮಾಡಿಕೊಳ್ಳಲಷ್ಟೇ ನೋಡುತ್ತೇವೆ. 1959ರ ಶಸ್ತ್ರಾಸ್ತ್ರ ಕಾಯ್ದೆ ಆಯುಧದ ಬಿಡಿಭಾಗಗಳಿಗೂ ಅನ್ವಯಿಸುತ್ತದೆ. ಮಕ್ಕಳು ಮಾದರಿಯನ್ನು ಪ್ರಿಂಟ್ ಮಾಡಿಸುವುದಾದರೆ ಸಣ್ಣ ಅಳತೆಯಲ್ಲಿ, ಒಳಗೆ ಗಟ್ಟಿಯಾಗಿ ಇರಲಿ.

ಫೈಲ್ ಉಳಿಸುವಾಗ ಬರೀ ‘ಲೂಯಿಸ್’ ಎಂದು ಹೆಸರಿಡಬೇಡಿ. ನೆಲದ್ದೋ ವಿಮಾನದ್ದೋ, ಯಾವ ಮಾರ್ಕ್, ಯಾವ ಕೈಪಿಡಿಯಿಂದ ತೆಗೆದದ್ದು ಎಂಬುದನ್ನೂ ಸೇರಿಸಿ. ನಿಮ್ಮಲ್ಲಿರುವ ಡ್ರಾಯಿಂಗ್ ಯಾವುದೆಂದು ತಿಳಿಯದಿದ್ದರೆ ಇಡೀ ಹಾಳೆಯನ್ನೂ ಬಲಗಡೆ ಕೆಳಮೂಲೆಯ ಹೆಸರಿನ ಚೌಕವನ್ನೂ ಸ್ಪಷ್ಟವಾಗಿ ಫೋಟೋ ತೆಗೆದು ಸಂಘಕ್ಕೆ ಕಳಿಸಿ, ಒಟ್ಟಿಗೆ ಕೂತು ನೋಡೋಣ.